ಟವೆಲ್ ಇಲ್ಲದ ವ್ಯಾಪಾರ

ಅಪ್ಪನಿಗೆ ಈಗ 73. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಾವು ಓದಿದ, ಆಮೇಲೆ ತಾವೇ ಪಾಠ ಮಾಡಿದ ಊರಿನ ಶಾಲೆಯ ನೆನಪುಗಳನ್ನು ಬರೆಯಬೇಕೆಂದು ಬಹಳ ದಿನದಿಂದ ಆಸೆ. ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ವಿನ್ಯಾಸದ ಕೀಲಿಗಳ ಮೇಲೆ ಬೆರಳಾಡಿಸುವುದು ಅವರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂತರೆ ಅರ್ಧ ಗಂಟೆಗೆ ಕತ್ತು ಹಿಡಿಯುತ್ತದೆ. ಹೋದ ದಸರಾ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ಬ್ಲೂಟೂತ್ ಕೀಬೋರ್ಡ್ ಒಯ್ದೆ. ತೊಡೆಯ ಮೇಲೆ ಇಟ್ಟುಕೊಂಡು, ಕುರ್ಚಿಗೆ ಒರಗಿ, ಆರಾಮವಾಗಿ ಬರೆಯಲಿ ಎಂದು.

ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಹೊಸ ಸಾಧನ ಸೇರಿಸುವ ಗುಂಡಿ ಒತ್ತಿದೆ. ಕೀಬೋರ್ಡಿನ ಮೂಲೆಯ ನೀಲಿ ದೀಪ ಪಟಪಟ ಮಿನುಗಿತು. ಪರದೆಯ ಮೇಲೆ ಆರಂಕಿಯ ಒಂದು ಸಂಖ್ಯೆ ಬಂತು. ಇದನ್ನು ಕೀಬೋರ್ಡಿನಲ್ಲಿ ಒತ್ತಿ ಎಂಟರ್ ಹೊಡೆಯಿರಿ ಎಂಬ ಸೂಚನೆ.

“ಒತ್ತಿ ಅಪ್ಪಾ, ಕನೆಕ್ಟ್ ಆಗುತ್ತೆ” ಎಂದೆ.

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. “ಈ ಸಂಖ್ಯೆ ಯಾರು ಕೊಟ್ಟಿದ್ದು? ಬ್ಯಾಂಕಿನವರು ಓಟಿಪಿ ಯಾರಿಗೂ ಹೇಳಬೇಡಿ ಅಂತಾರೆ. ಇಲ್ಲಿ ನೋಡಿದರೆ ದಾರೀಲಿ ಹೋಗೋರಿಗೂ ಕಾಣೋ ಹಾಗೆ ಬರೆದಿದೆ. ಇದು ಗುಟ್ಟಾದರೆ ತೋರಿಸಿದ್ದು ಯಾಕೆ? ಗುಟ್ಟಲ್ಲದಿದ್ದರೆ ಕೇಳೋದು ಯಾಕೆ?”

ಸಾವಿರ ಸಲ ಈ ಕೆಲಸ ಮಾಡಿದ್ದೇನೆ, ಒಮ್ಮೆಯೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಕಂಪ್ಯೂಟರ್‌ಗಳ ನಡುವೆಯೇ ಬದುಕುವ ನಾವು ಅದನ್ನು ಒಂದು ವಿಧಿಯ ಹಾಗೆ ಮುಗಿಸಿಬಿಡುತ್ತೇವೆ. ಅವರಿಗೆ ಸರಿಯಾಗಿ ಉತ್ತರ ಕೊಡಲು ಆ ಇಡೀ ಸಂಜೆ ಬೇಕಾಯಿತು. ಅಷ್ಟು ಹೊತ್ತೂ ಕೀಬೋರ್ಡ್ ಪೆಟ್ಟಿಗೆಯ ಮೇಲೆ ಸುಮ್ಮನೆ ಮಲಗಿತ್ತು.

ಮೊದಲು ಗಾಳಿಯ ವಿಷಯ. ವೈರ್ ಇದ್ದಾಗ ಮಾತು ತಾಮ್ರದ ತಂತಿಯೊಳಗೆ ಓಡುತ್ತಿತ್ತು. ಕದಿಯಬೇಕಾದರೆ ಯಾರಾದರೂ ಮನೆಯೊಳಗೆ ಬಂದು ತಂತಿ ಮುಟ್ಟಬೇಕಿತ್ತು. ವೈರ್ ಕಿತ್ತು ಹಾಕಿದ ಕೂಡಲೇ ಕೀಬೋರ್ಡ್ ಒಂದು ಪುಟ್ಟ ರೇಡಿಯೋ ಕೇಂದ್ರವಾಗುತ್ತದೆ. ಬ್ಲೂಟೂತ್ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತದೆ. ವೈಫೈ ಕೂಡ ಅಲ್ಲೇ, ಮೈಕ್ರೋವೇವ್ ಒಲೆಯ ಗದ್ದಲವೂ ಅಲ್ಲೇ. ಲೈಸೆನ್ಸ್ ಬೇಡದ, ಯಾರು ಬೇಕಾದರೂ ಬಳಸಬಹುದಾದ ಪಟ್ಟಿ ಅದು. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಇದನ್ನು ಲೈಸೆನ್ಸಿನಿಂದ ಬಿಡುಗಡೆ ಮಾಡಿದ ನಿಯಮ ಬಂದದ್ದು 2005ರಲ್ಲಿ.

ಸಂತೆಯಂಥ ಈ ಜಾಗದಲ್ಲಿ ಗದ್ದಲ ತಪ್ಪಿಸಿಕೊಳ್ಳಲು ಬ್ಲೂಟೂತ್ ಒಂದು ಕಡೆ ನಿಲ್ಲುವುದಿಲ್ಲ. ಪಟ್ಟಿಯನ್ನು 79 ಓಣಿಗಳಾಗಿ ಸೀಳಿ, ಸೆಕೆಂಡಿಗೆ 1600 ಸಲ ಓಣಿಯಿಂದ ಓಣಿಗೆ ಜಿಗಿಯುತ್ತದೆ. ಹೀಗೆ ಜಿಗಿಯುವ ಉಪಾಯಕ್ಕೆ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಒಂದು ಪೇಟೆಂಟ್ ಪಡೆದಿದ್ದರು. ಶತ್ರುಗಳು ಟಾರ್ಪೆಡೋದ ದಿಕ್ಕು ತಪ್ಪಿಸದಿರಲಿ ಎಂದು, ಪಿಯಾನೋದ 88 ಕೀಲಿಗಳ ಲೆಕ್ಕದಲ್ಲಿ 88 ಕಂಪನಾಂಕಗಳ ಮೇಲೆ ಜಿಗಿಯುವ ಯೋಜನೆ ಅದು. ಈ ಕಥೆ ಕೇಳಿದವರು ಜಿಗಿತವೇ ಬ್ಲೂಟೂತಿನ ರಕ್ಷಣೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಜಿಗಿತದ ಕ್ರಮವನ್ನು ಹಿಂಬಾಲಿಸುವ ಉಪಕರಣಗಳಿವೆ. ಜಿಗಿತ ಇರುವುದು ಗದ್ದಲಕ್ಕೆ ಮದ್ದಾಗಿ, ಕಳ್ಳಗಿವಿಗೆ ಬೀಗವಾಗಿ ಅಲ್ಲ.

ಇನ್ನೊಂದು ತಪ್ಪು ಸಮಾಧಾನ ದೂರದ್ದು. ಹತ್ತು ಮೀಟರ್ ಆಚೆಗೆ ಕೇಳಿಸುವುದೇ ಇಲ್ಲವಲ್ಲ, ಮನೆಯೊಳಗೆ ಯಾರು ಬರುತ್ತಾರೆ ಎನ್ನುವುದು. ಹತ್ತು ಮೀಟರ್ ಎನ್ನುವುದು ಸಾಮಾನ್ಯ ಸಾಧನದ ಕಿವಿಯ ಮಿತಿಯೇ ಹೊರತು ಅಲೆಯ ಮಿತಿಯಲ್ಲ. 2004ರಲ್ಲಿ ದಿಕ್ಕಿಗೆ ತಿರುಗಿಸಬಲ್ಲ ಆಂಟೆನಾ ಕಟ್ಟಿಕೊಂಡು ಒಂದೂಮುಕ್ಕಾಲು ಕಿಲೋಮೀಟರಿಗೂ ಆಚೆಯಿಂದ ಸಾಧಾರಣ ಫೋನಿನ ಬ್ಲೂಟೂತನ್ನು ಮುಟ್ಟಿ ತೋರಿಸಿದ್ದರು. ಗಾಳಿಗೆ ಗೋಡೆಯಿಲ್ಲ.

ಇಷ್ಟು ಹೇಳಿದಾಗ ಅಪ್ಪ ಘಾಟಿಯ ಮಾತು ತೆಗೆದರು. ನನ್ನ ತಾತ ಹಳ್ಳಿಕಾರ್ ಎತ್ತುಗಳನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದವರು. ದನದ ವ್ಯಾಪಾರ ನೋಡಿದವರಿಗೆ ಗೊತ್ತು, ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವರು ತೆಗೆದುಕೊಳ್ಳುವವರು ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಬೆರಳು ಅದುಮಿ ಮಾತಾಡುತ್ತಾರೆ. ಎರಡು ಬೆರಳು, ಮೂರು ಬೆರಳು, ಇಡೀ ಅಂಗೈ. ಸುತ್ತ ಐವತ್ತು ಜನ ನಿಂತು ನೋಡುತ್ತಿರುತ್ತಾರೆ. ವ್ಯಾಪಾರ ನಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತು, ಎಷ್ಟಕ್ಕೆ ಎಂದು ಆ ಇಬ್ಬರಿಗೆ ಮಾತ್ರ. “ನಿನ್ನ ಕೀಬೋರ್ಡ್ ಲ್ಯಾಪ್‌ಟಾಪ್ ಮಾಡಬೇಕಾಗಿರೋದೂ ಇದನ್ನೇ ತಾನೇ?” ಎಂದರು ಅಪ್ಪ.

ಇದನ್ನೇ. ಕಷ್ಟವೆಂದರೆ ರೇಡಿಯೋಗೆ ಟವೆಲ್ ಇಲ್ಲ. ಹೇಳಿದ್ದೆಲ್ಲ ಸುತ್ತ ನಿಂತ ಐವತ್ತು ಜನಕ್ಕೂ ಕೇಳಿಸುತ್ತದೆ. ಎಲ್ಲರ ಎದುರು ಬಾಯಿಬಿಟ್ಟು ಮಾತಾಡಿಯೂ ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಖ್ಯೆಗೆ ಬಂದು ನಿಲ್ಲುವುದು ಹೇಗೆ? ಆ ಸಂಖ್ಯೆ ಕೈಗೆ ಬಂದರೆ ಅದೇ ಬೀಗದ ಕೀ. ಮುಂದಿನ ಮಾತೆಲ್ಲವನ್ನೂ ಅದರಲ್ಲಿ ಗೂಢಲಿಪಿ ಮಾಡಿ ಕಳಿಸಬಹುದು.

ಬ್ಲೂಟೂತ್ ಕಟ್ಟಿದವರಿಗೆ ಆರಂಭದಲ್ಲಿ ಈ ಪ್ರಶ್ನೆ ಅಷ್ಟು ಕಾಡಿದಂತೆ ಕಾಣುವುದಿಲ್ಲ. ಸ್ವೀಡನ್ನಿನ ಲುಂಡ್ ನಗರದ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಕೆಲಸ ಶುರುವಾದಾಗ ಫೋನಿಗೂ ಅದರ ಜೊತೆಯ ಉಪಕರಣಗಳಿಗೂ ನಡುವಿನ ವೈರ್ ತೆಗೆಯುವುದೇ ಗುರಿ. ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸನ್, ಸ್ವೀಡನ್ನಿನ ಸ್ವೆನ್ ಮ್ಯಾಟಿಸನ್ ಅದರ ತಲೆಯಾಳುಗಳು. ಹೆಸರು ಬಂದದ್ದು ಇಂಟೆಲ್ಲಿನ ಜಿಮ್ ಕಾರ್ಡಾಕ್ ಅವರಿಂದ, 1997ರಲ್ಲಿ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹರಾಲ್ಡನಿಗೆ ನೀಲಿಹಲ್ಲು ಎಂಬ ಅಡ್ಡಹೆಸರಿತ್ತು. ಚೆದುರಿದ್ದವರನ್ನು ಒಂದುಗೂಡಿಸಿದವನು ಅವನು ಎಂಬ ನೆನಪಿಗೆ, ತಾತ್ಕಾಲಿಕವಾಗಿ ಇಟ್ಟ ಹೆಸರೇ ಉಳಿದುಕೊಂಡಿತು. ಫೋನಿನ ಮೇಲ್ಪಟ್ಟಿಯಲ್ಲಿ ಕಾಣುವ ಆ ಚಿಹ್ನೆ ಹರಾಲ್ಡನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಬರೆದು, ನಮ್ಮ ಒತ್ತಕ್ಷರದ ಹಾಗೆ ಒಂದರ ಮೇಲೊಂದು ಕೂರಿಸಿದ್ದು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಸೇರಿ ಕೂಟ ಕಟ್ಟಿದರು, ಮರುವರ್ಷ ಮೊದಲ ಆವೃತ್ತಿ ಬಂತು. ನಮ್ಮ ಬೆಂಗಳೂರೂ ಈ ಕೆಲಸದಲ್ಲಿ ದೂರ ನಿಂತದ್ದಲ್ಲ. ಮೈಂಡ್‌ಟ್ರೀ ಕಂಪನಿ ಈಥರ್‌ಮೈಂಡ್ ಎಂಬ ಹೆಸರಿನಲ್ಲಿ ಬ್ಲೂಟೂತ್ ತಂತ್ರಾಂಶವನ್ನು ಇಲ್ಲೇ ಬರೆಯಿಸಿತು.

ಎರಡು ಸಾಧನಗಳನ್ನು ಹೀಗೆ ಮೊದಲ ಸಲ ಜೋಡಿಸುವುದಕ್ಕೆ ಪೇರಿಂಗ್ ಎನ್ನುತ್ತಾರೆ. ಆ ಮೊದಲ ಕಾಲದಲ್ಲಿ ಅದು ನಡೆಯುತ್ತಿದ್ದದ್ದು ಪಿನ್ ಮೇಲೆ. ಎರಡೂ ಕಡೆ ಒಂದೇ ಪಿನ್ ಹಾಕಬೇಕು. ಆ ಪಿನ್ನನ್ನೇ ಅರೆದು, ಜೊತೆಗೆ ಗಾಳಿಯಲ್ಲಿ ಎಲ್ಲರಿಗೂ ಕೇಳುವಂತೆ ಕಳಿಸಿದ ಒಂದಷ್ಟು ಸಂಖ್ಯೆ ಬೆರೆಸಿ ಕೀ ತಯಾರಿಸುತ್ತಿದ್ದರು. ಗುಟ್ಟು ಎಂದಿದ್ದದ್ದು ಆ ಪಿನ್ ಒಂದೇ. ಅದೂ ಎಂಥದ್ದು? ನಾಲ್ಕು ಸೊನ್ನೆ, ಇಲ್ಲವೇ ಒಂದು ಎರಡು ಮೂರು ನಾಲ್ಕು. ಕಿರಾಣಿ ಅಂಗಡಿಯಲ್ಲಿ ಬಿಲ್ ಮುದ್ರಿಸುವ ಪುಟ್ಟ ಥರ್ಮಲ್ ಪ್ರಿಂಟರಿನ ಕೆಳಗೆ ಇವತ್ತಿಗೂ ಈ ಪಿನ್ ಚೀಟಿ ಅಂಟಿಸಿರುವುದನ್ನು ನೋಡಬಹುದು. ಟೆಲ್ ಅವೀವ್ ವಿಶ್ವವಿದ್ಯಾಲಯದ ಯನಿವ್ ಶಾಕೆಡ್ ಮತ್ತು ಅವಿಶಾಯ್ ವುಲ್ 2005ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಪೇರಿಂಗಿನ ಮಾತುಕತೆಯನ್ನು ಕದ್ದು ಕೇಳಿಸಿಕೊಂಡಿದ್ದರೆ, ನಾಲ್ಕಂಕಿಯ ಪಿನ್ನನ್ನು ಆ ಕಾಲದ ಪೆಂಟಿಯಂ-4 ಕಂಪ್ಯೂಟರ್ ಸೆಕೆಂಡಿನ ನೂರರಲ್ಲಿ ಆರು ಪಾಲಿನಷ್ಟು ಹೊತ್ತಿನಲ್ಲಿ ಬಿಡಿಸುತ್ತದೆ. ಕಣ್ಣು ರೆಪ್ಪೆ ಬಡಿಯುವುದಕ್ಕೂ ಮೊದಲೇ.

ಅವರ ಲೇಖನದಲ್ಲಿ ನನಗೆ ಮುಖ್ಯವೆನಿಸಿದ್ದು ಇನ್ನೊಂದು ಮಾತು. ಪೇರಿಂಗ್ ಆಗಲೇ ಮುಗಿದಿದ್ದರೆ ಕದಿಯುವವನಿಗೆ ಕೇಳಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಅವನು ಒಂದು ಸಾಧನದ ಸೋಗು ಹಾಕಿ, ಹಳೆಯ ಕೀ ಕಳೆದುಹೋಗಿದೆ ಎಂದು ಸುಳ್ಳು ಹೇಳಿ, ಮತ್ತೊಮ್ಮೆ ಪೇರಿಂಗ್ ಮಾಡಿಸುವ ದಾರಿಯನ್ನೂ ಅವರು ತೋರಿಸಿದ್ದರು. ಆವೃತ್ತಿಗಳು ಎಷ್ಟೋ ಬದಲಾಗಿವೆ, ಈ ಎಚ್ಚರಿಕೆ ಹಳತಾಗಿಲ್ಲ. ವರ್ಷದಿಂದ ಸುಮ್ಮನೆ ಕೆಲಸ ಮಾಡುತ್ತಿದ್ದ ಇಯರ್‌ಫೋನೋ ಕೀಬೋರ್ಡೋ ರೈಲ್ವೆ ನಿಲ್ದಾಣದಲ್ಲಿ ಕೂತಾಗ ಇದ್ದಕ್ಕಿದ್ದಂತೆ ಮತ್ತೆ ಪೇರ್ ಮಾಡಿ ಎಂದು ಕೇಳಿದರೆ ಬೇಡ ಎನ್ನಿ. ಮನೆಗೆ ಹೋಗಿ, ಎರಡೂ ಕಡೆ ಹಳೆಯದನ್ನು ಅಳಿಸಿ, ಹೊಸದಾಗಿ ಜೋಡಿಸಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಬ್ಲೂಟೂತ್ ಭದ್ರತೆಗೆಂದು ಹೊರಡಿಸಿದ ಕೈಪಿಡಿಯೂ ಇದನ್ನೇ ಹೇಳುತ್ತದೆ: ಪೇರಿಂಗನ್ನು ಆದಷ್ಟು ಕಡಿಮೆ ಸಲ ಮಾಡಿ, ಮಾಡುವಾಗ ಭದ್ರವಾದ ಜಾಗದಲ್ಲಿ ಮಾಡಿ.

ಟವೆಲ್ ಇಲ್ಲದೆ ವ್ಯಾಪಾರ ಮಾಡುವ ಉಪಾಯ ಬ್ಲೂಟೂತಿಗಿಂತ ಹಳೆಯದು. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ 1976ರಲ್ಲಿ ಪ್ರಕಟಿಸಿದ್ದು. ಮದುವೆಯ ಕರೆಯೋಲೆಯೊಂದರ ಹಿಂದೆ ಅಪ್ಪನಿಗೆ ಬರೆದು ತೋರಿಸಿದೆ. ನೀವೂ ಪೆನ್ನು ತೆಗೆದುಕೊಳ್ಳಿ, ಐದು ನಿಮಿಷದ ಲೆಕ್ಕ.

ಎಲ್ಲರಿಗೂ ಗೊತ್ತಿರುವ ಎರಡು ಸಂಖ್ಯೆ: 3 ಮತ್ತು 17. ಲ್ಯಾಪ್‌ಟಾಪ್ ಮನಸ್ಸಿನಲ್ಲಿ 6 ಎಂದುಕೊಳ್ಳುತ್ತದೆ, ಯಾರಿಗೂ ಹೇಳುವುದಿಲ್ಲ. 3ನ್ನು ಆರು ಸಲ ಗುಣಿಸಿದರೆ 729. ಅದನ್ನು 17ರಿಂದ ಭಾಗಿಸಿದರೆ ಉಳಿಯುವ ಶೇಷ 15. ಈ 15ನ್ನು ಗಟ್ಟಿಯಾಗಿ ಕೂಗಿ ಹೇಳುತ್ತದೆ. ಕೀಬೋರ್ಡ್ ಮನಸ್ಸಿನಲ್ಲಿ 7 ಎಂದುಕೊಳ್ಳುತ್ತದೆ. 3ನ್ನು ಏಳು ಸಲ ಗುಣಿಸಿದರೆ 2187, ಶೇಷ 11. ಅದೂ ಕೂಗಿ ಹೇಳುತ್ತದೆ. ಈಗ ಲ್ಯಾಪ್‌ಟಾಪ್ ತನಗೆ ಕೇಳಿದ 11ನ್ನು ತನ್ನ ಗುಟ್ಟಿನ ಆರು ಸಲ ಗುಣಿಸಿ 17ರ ಶೇಷ ತೆಗೆಯುತ್ತದೆ. ಕೀಬೋರ್ಡ್ ತನಗೆ ಕೇಳಿದ 15ನ್ನು ತನ್ನ ಗುಟ್ಟಿನ ಏಳು ಸಲ ಗುಣಿಸಿ ಶೇಷ ತೆಗೆಯುತ್ತದೆ.

11ರ ಆರನೆಯ ಘಾತವನ್ನು ನಾನು ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತುತ್ತಿದ್ದೆ. 17,71,561 ಬಂತು, ಶೇಷ 8. ಅಷ್ಟರಲ್ಲಿ ಅಪ್ಪ ಇನ್ನೊಂದನ್ನು ಬಾಯಲ್ಲೇ ಮುಗಿಸಿದ್ದರು. “ಹದಿನೇಳರ ಲೆಕ್ಕದಲ್ಲಿ 15 ಅಂದರೆ ಋಣ 2. ಅದರ ಏಳನೇ ಘಾತ ಋಣ 128. ಹದಿನೇಳೆಂಟ್ಲ 136. ಅಲ್ಲಿಗೆ 8.” ಕರೆಯೋಲೆಯ ಹಿಂದೆ ಎರಡು ಎಂಟುಗಳ ಸುತ್ತ ವೃತ್ತ ಹಾಕಿ, ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತರು. ಗಾಳಿಯಲ್ಲಿ ಹೋದದ್ದು 3, 17, 15, 11. ಎಂಟು ಎಲ್ಲಿಯೂ ಹೋಗಲಿಲ್ಲ. ಆದರೂ ಎರಡೂ ಮನೆಯಲ್ಲಿ ಎಂಟು ಹುಟ್ಟಿತು.

“ಕೇಳಿಸಿಕೊಂಡವನು ಒಂದೊಂದಾಗಿ ಪ್ರಯತ್ನಿಸಿ ಆರನ್ನೋ ಏಳನ್ನೋ ಹುಡುಕಬಹುದಲ್ಲ?” ಹದಿನೇಳರಲ್ಲಿ ಹುಡುಕಬಹುದು. ಬ್ಲೂಟೂತ್ ಬಳಸುವುದು ಇದೇ ತತ್ತ್ವದ ಇನ್ನೂ ಬಿಗಿಯಾದ ರೂಪ, ವಕ್ರರೇಖೆಗಳ ಮೇಲೆ ಕಟ್ಟಿದ ಗಣಿತ. ಈಗಿನ ಸಾಧನಗಳಲ್ಲಿ ಗುಟ್ಟಿನ ಸಂಖ್ಯೆ 256 ಬಿಟ್ ಉದ್ದ, ಅಂದರೆ ದಶಮಾನದಲ್ಲಿ ಬರೆದರೆ ಹೆಚ್ಚುಕಡಿಮೆ 77 ಅಂಕಿ. ಒಂದೊಂದಾಗಿ ಹುಡುಕುವುದು ಆಗದ ಮಾತು. ಈ ಗಣಿತ ಬ್ಲೂಟೂತಿಗೆ ಬಂದದ್ದು 2007ರ 2.1 ಆವೃತ್ತಿಯಲ್ಲಿ. ಗಡಿಯಾರ, ಕೈಬಳೆಗಳಂಥ ಕಡಿಮೆ ವಿದ್ಯುತ್ತಿನ ಸಾಧನಗಳಿಗೆಂದು 2010ರಲ್ಲಿ ಬಂದ 4.0 ಆವೃತ್ತಿಯಲ್ಲಿ ಮತ್ತೆ ಅದನ್ನು ಬಿಟ್ಟು ಹಳೆಯ ಸಡಿಲ ದಾರಿ ಹಿಡಿದರು. ಮೈಕ್ ರಯಾನ್ ಎಂಬ ಸಂಶೋಧಕ 2013ರಲ್ಲಿ ಅದನ್ನು ಸಲೀಸಾಗಿ ಒಡೆದು ತೋರಿಸಿದ ಮೇಲೆ, 2014ರ 4.2 ಆವೃತ್ತಿಯಲ್ಲಿ ಅಲ್ಲಿಗೂ ಗಟ್ಟಿ ಗಣಿತ ಬಂತು. ಹೊಸ ಸಾಧನ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಆವೃತ್ತಿ ಸಂಖ್ಯೆ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಇಲ್ಲಿಗೆ ಎಲ್ಲ ಸರಿಹೋಯಿತು ಎನಿಸುತ್ತದೆ. ಸರಿಹೋಗಿಲ್ಲ. ಆರಂಕಿಯ ಸಂಖ್ಯೆ ಇನ್ನೂ ಬಂದೇ ಇಲ್ಲವಲ್ಲ.

ಅಪ್ಪ ಮತ್ತೆ ಜಾತ್ರೆಗೇ ಹೋದರು. ಹಾಗೆ ನೋಡಿದರೆ ದನದ ಜಾತ್ರೆಯಲ್ಲಿ ಕೊಡುವವನೂ ತೆಗೆದುಕೊಳ್ಳುವವನೂ ನೇರವಾಗಿ ಕೈ ಹಿಡಿಯುವುದು ಕಡಿಮೆ. ನಡುವೆ ದಲ್ಲಾಳಿ ಇರುತ್ತಾನೆ. ಮೊದಲು ಇವನ ಕೈ ಹಿಡಿದು ಟವೆಲ್ ಹೊದಿಸುತ್ತಾನೆ, ಆಮೇಲೆ ಅವನ ಕೈ. ಇವನಿಗೆ ಒತ್ತಿದ ಬೆರಳೆಷ್ಟು, ಅವನಿಗೆ ಒತ್ತಿದ ಬೆರಳೆಷ್ಟು ಎಂದು ದಲ್ಲಾಳಿಗೆ ಮಾತ್ರ ಗೊತ್ತು. ಪ್ರಾಮಾಣಿಕ ದಲ್ಲಾಳಿಯಾದರೆ ಸರಿ. ಇಲ್ಲದಿದ್ದರೆ ನಡುವಿನ ಹಣ ಅವನ ಜೇಬಿಗೆ. ಟವೆಲ್ ಹೊರಗಿನ ಐವತ್ತು ಜನರ ಕಣ್ಣನ್ನು ತಡೆಯುತ್ತದೆ. ಟವೆಲ್ಲಿನ ಒಳಗೇ ಇರುವವನನ್ನು ತಡೆಯುವುದಿಲ್ಲ.

ಡಿಫಿ–ಹೆಲ್ಮನ್ ಗಣಿತದ ದೌರ್ಬಲ್ಯವೂ ತಂತಮ್ಮ ಸಂಖ್ಯೆ ಕೂಗಿಕೊಳ್ಳುವ ಆ ಗಳಿಗೆಯಲ್ಲೇ ಇದೆ. ಲ್ಯಾಪ್‌ಟಾಪ್ 15 ಎಂದು ಕೂಗಿತು, ಉತ್ತರವಾಗಿ 11 ಕೇಳಿಸಿತು. ಆ 11 ಹೇಳಿದ್ದು ಕೀಬೋರ್ಡೇ ಎನ್ನುವುದಕ್ಕೆ ಏನು ಸಾಕ್ಷಿ? ನಡುವೆ ಮೂರನೆಯ ಸಾಧನವೊಂದು ನುಸುಳಿ, ಲ್ಯಾಪ್‌ಟಾಪಿಗೆ ನಾನೇ ಕೀಬೋರ್ಡ್ ಎಂದು, ಕೀಬೋರ್ಡಿಗೆ ನಾನೇ ಲ್ಯಾಪ್‌ಟಾಪ್ ಎಂದು ಹೇಳಿ ಇಬ್ಬರ ಜೊತೆಯೂ ಬೇರೆ ಬೇರೆ ಗುಟ್ಟು ಮಾಡಿಕೊಳ್ಳಬಹುದು. ಆಮೇಲೆ ಒತ್ತಿದ ಪ್ರತಿ ಅಕ್ಷರವನ್ನೂ ಬಿಚ್ಚಿ, ಓದಿ, ಮತ್ತೆ ಮುಚ್ಚಿ ಮುಂದಕ್ಕೆ ಕಳಿಸುತ್ತದೆ. ಇಬ್ಬರಿಗೂ ಬೀಗ ಗಟ್ಟಿಯಾಗಿಯೇ ಕಾಣುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಹೋಗುವುದು ದಲ್ಲಾಳಿಯ ಕೈ ಮೇಲೆಯೇ. ಎಷ್ಟೇ ದೊಡ್ಡ ಸಂಖ್ಯೆ ಬಳಸಿದರೂ ಇದನ್ನು ಲೆಕ್ಕ ಒಂದರಿಂದಲೇ ತಡೆಯಲು ಸಾಧ್ಯವಿಲ್ಲ. ಹಿಂದೆಂದೂ ಭೇಟಿಯಾಗದ ಎರಡು ಯಂತ್ರಗಳಿಗೆ ಎದುರಿನದು ಯಾವುದೆಂದು ತಿಳಿಯುವ ದಾರಿಯೇ ಇಲ್ಲ. ಎರಡನ್ನೂ ಒಟ್ಟಿಗೆ ನೋಡಬಲ್ಲವರು ಆ ಕೋಣೆಯಲ್ಲಿ ಒಬ್ಬರೇ. ಅದು ನಾವು.

ಆರಂಕಿ ಬರುವುದು ಇಲ್ಲಿ. ಫೋನು ಮತ್ತು ಲ್ಯಾಪ್‌ಟಾಪ್ ಜೋಡಿಸುವಾಗ ಎರಡೂ ಪರದೆಯಲ್ಲಿ ಸಂಖ್ಯೆ ಬಂದು, ಒಂದೇ ಇದೆಯೇ ಎಂದು ಕೇಳುತ್ತದಲ್ಲ, ಆ ಸಂಖ್ಯೆಯನ್ನು ಯಾರೂ ಯಾರಿಗೂ ಕಳಿಸಿರುವುದಿಲ್ಲ. ತಾನು ಕೂಗಿದ ಸಂಖ್ಯೆ, ತನಗೆ ಕೇಳಿದ ಸಂಖ್ಯೆ, ಆ ಹೊತ್ತಿಗೆ ಇಬ್ಬರೂ ಆರಿಸಿದ ಒಂದೊಂದು ಯಾದೃಚ್ಛಿಕ ಸಂಖ್ಯೆ, ಇಷ್ಟನ್ನೂ ಅರೆದು ಕೊನೆಯ ಆರು ಅಂಕಿಯನ್ನು ಪ್ರತಿ ಸಾಧನವೂ ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ನಡುವೆ ಯಾರೂ ಇಲ್ಲದಿದ್ದರೆ ಎರಡೂ ಕಡೆಯ ಸಾಮಗ್ರಿ ಒಂದೇ, ಹಾಗಾಗಿ ಆರಂಕಿಯೂ ಒಂದೇ. ದಲ್ಲಾಳಿ ಇದ್ದರೆ ಇವನು ಕೇಳಿದ್ದೇ ಬೇರೆ, ಅವನು ಕೇಳಿದ್ದೇ ಬೇರೆ, ಆರಂಕಿಗಳು ಹೊಂದುವುದಿಲ್ಲ. ದಲ್ಲಾಳಿ ಜಾಣತನದಿಂದ ಹೊಂದುವಂಥ ಸಂಖ್ಯೆ ಹುಡುಕಿ ಕೊಡದಿರಲಿ ಎಂದು ಇನ್ನೊಂದು ಏರ್ಪಾಡಿದೆ. ಒಂದು ಕಡೆಯವರು ತಮ್ಮ ಯಾದೃಚ್ಛಿಕ ಸಂಖ್ಯೆಗೆ ಬದ್ಧರಾಗಿದ್ದೇವೆ ಎಂದು, ಮೊದಲೇ ಅರಗು ಹಾಕಿ ಮುಚ್ಚಿದ ಲಕೋಟೆಯ ಹಾಗೆ ಒಂದು ಗುರುತು ಕಳಿಸಿರುತ್ತಾರೆ. ಎದುರಿನವರ ಸಂಖ್ಯೆ ತಿಳಿದ ಮೇಲೆ ತಮ್ಮದನ್ನು ಬದಲಿಸುವಂತಿಲ್ಲ. ಹೀಗಾಗಿ ದಲ್ಲಾಳಿಗೆ ಸಿಗುವುದು ಒಂದೇ ಅವಕಾಶ, ಅದೃಷ್ಟ ಕೂಡಿ ಬರುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು.

ಅಪ್ಪನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಈಗ ಸಿಕ್ಕಿತು. ಹಳೆಯ ಪಿನ್ ಗುಟ್ಟಾಗಿತ್ತು, ಕೀ ಹುಟ್ಟುತ್ತಿದ್ದದ್ದೇ ಅದರಿಂದ. ಎರಡು ಪರದೆಯಲ್ಲಿ ಕಾಣುವ ಈ ಆರಂಕಿ ಗುಟ್ಟಲ್ಲ, ಸಾಕ್ಷಿ. ಬೀದಿಗೆ ಕೇಳುವಂತೆ ಓದಿದರೂ ಅದರಿಂದ ಕೀ ಹುಟ್ಟುವುದಿಲ್ಲ. ಓಟಿಪಿಯ ಲೆಕ್ಕವೇ ಬೇರೆ, ಅದನ್ನು ಹೇಳಿದರೆ ಹಣ ಹೋಗುತ್ತದೆ. ಇಲ್ಲಿ ಮೋಸ ಹೋಗುವುದು ಹೇಳುವುದರಿಂದಲ್ಲ, ನೋಡದೆ ಹೌದು ಎನ್ನುವುದರಿಂದ.

ಕೀಬೋರ್ಡಿಗೆ ಪರದೆ ಇಲ್ಲವಾದ್ದರಿಂದ ಅದರ ರೀತಿ ಸ್ವಲ್ಪ ಬೇರೆ. ಲ್ಯಾಪ್‌ಟಾಪ್ ತೋರಿಸಿದ ಸಂಖ್ಯೆಯನ್ನು ಕಣ್ಣಿನಿಂದ ಓದಿ ಬೆರಳಿನಿಂದ ಕೀಬೋರ್ಡಿಗೆ ತಲುಪಿಸಬೇಕು. ಗಾಳಿಯನ್ನು ಮುಟ್ಟದ ದಾರಿ ಅದು. ಆರಂಕಿ ಎಂದರೆ 20 ಬಿಟ್. ಎರಡು ಸಾಧನಗಳೂ ಒಂದೊಂದು ಬಿಟ್ಟನ್ನೂ ಮುಚ್ಚಿದ ಲಕೋಟೆಯಲ್ಲಿಟ್ಟು, ಮೊದಲು ಲಕೋಟೆ ಬದಲಾಯಿಸಿಕೊಂಡು ಆಮೇಲೆ ಬಿಚ್ಚಿ, 20 ಸುತ್ತು ಒಬ್ಬರನ್ನೊಬ್ಬರು ಪರೀಕ್ಷಿಸುತ್ತವೆ. ಅಂಕಿ ಗೊತ್ತಿಲ್ಲದ ದಲ್ಲಾಳಿ ಪ್ರತಿ ಸುತ್ತಿನಲ್ಲೂ ಊಹಿಸಬೇಕು, ಒಂದು ತಪ್ಪಿದರೆ ಮಾತುಕತೆ ಅಲ್ಲಿಗೇ ಮುರಿಯುತ್ತದೆ. ಸುತ್ತು ಮುಗಿದಂತೆ ಬಿಟ್ಟುಗಳು ಬಯಲಾಗುತ್ತಾ ಹೋಗುತ್ತವೆ, ಕೊನೆಗೆ ಇಡೀ ಸಂಖ್ಯೆಯೇ ಬಯಲು. ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಆದ್ದರಿಂದ ಈ ಸಂಖ್ಯೆ ಪ್ರತಿ ಸಲ ಹೊಸದಾಗಿರಬೇಕು, ಒತ್ತಿ ಮುಗಿಯುವವರೆಗೆ ಬೇರೆಯವರಿಗೆ ತಿಳಿಯಬಾರದು. ಒಂದೇ ಸಂಖ್ಯೆಯನ್ನು ಕಾರ್ಖಾನೆಯಲ್ಲೇ ಅಚ್ಚೊತ್ತಿ ಕಳಿಸುವ ಸಾಧನಗಳು ಈ ಇಡೀ ಜಾಣ್ಮೆಯನ್ನು ಮಣ್ಣುಪಾಲು ಮಾಡುತ್ತವೆ.

ಪರದೆಯೂ ಇಲ್ಲ, ಕೀಲಿಯೂ ಇಲ್ಲ ಎಂದರೆ? ಸ್ಪೀಕರ್, ಇಯರ್‌ಬಡ್, ಬಲ್ಬು. ಇವುಗಳ ದಾರಿಗೆ ನಿಯಮಾವಳಿಯಲ್ಲಿ ‘ಜಸ್ಟ್ ವರ್ಕ್ಸ್’ ಎಂದೇ ಹೆಸರು. ಗಣಿತ ನಡೆಯುತ್ತದೆ, ಸಾಕ್ಷಿ ಮಾತ್ರ ಇರುವುದಿಲ್ಲ. ದೂರ ನಿಂತು ಕಿವಿಗೊಡುವವನಿಂದ ರಕ್ಷಣೆಯುಂಟು, ದಲ್ಲಾಳಿಯಿಂದ ಇಲ್ಲ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ದಿನ ಬೆಳಗಿನ ಆರು ಗಂಟೆಗೆ ನಮ್ಮ ಸ್ಪೀಕರ್ ತಾನಾಗಿ ಸುಪ್ರಭಾತ ಹಾಡತೊಡಗಿತು. ಮೇಲಿನ ಮನೆಯ ಹಿರಿಯರೊಬ್ಬರ ಬಳಿ ಅದೇ ಮಾದರಿಯ ಸ್ಪೀಕರ್ ಇತ್ತು. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆ, ಅವರು ಮುಟ್ಟಿದ್ದು ನಮ್ಮದನ್ನು. ನಮ್ಮ ಸ್ಪೀಕರ್ ಯಾರೂ ಜೋಡಣೆಯಾಗಿಲ್ಲವೆಂದರೆ ತಾನೇ ಬಾಗಿಲು ತೆರೆದುಕೊಂಡು ಕೂರುವ ಜಾತಿಯದು, ಕೇಳದೆ ಒಳಗೆ ಬಿಟ್ಟುಕೊಂಡಿದೆ. ಹಾಡು ಬಂದರೆ ತೊಂದರೆಯಿಲ್ಲ, ನನಗೆ ಆ ಬೆಳಗು ಇಷ್ಟವೇ ಆಯಿತು. ಅದೇ ಸಡಿಲಿಕೆ ಮೈಕ್ ಇರುವ ಸಾಧನದಲ್ಲೋ ಕೀಬೋರ್ಡಿನಲ್ಲೋ ಇದ್ದರೆ ಇಷ್ಟವಾಗುವ ಮಾತಲ್ಲ. ಈಗ ಎಲ್ಲ ಸಾಧನಗಳಿಗೂ ಮನೆಯ ಗುರುತು ಸಿಗುವ ಹೆಸರಿಟ್ಟಿದ್ದೇನೆ, ಕೆಲಸ ಮುಗಿದ ಮೇಲೆ ಸ್ಪೀಕರಿನ ಗುಂಡಿ ಆರಿಸುತ್ತೇನೆ.

ಪೇರಿಂಗ್ ಒಂದು ಸಲ ಸರಿಯಾಗಿ ಮುಗಿದರೆ 128 ಬಿಟ್ಟಿನ ಕೀ ಎರಡೂ ಸಾಧನದ ನೆನಪಿನಲ್ಲಿ ಉಳಿಯುತ್ತದೆ, ಮುಂದೆ ಕೇಳದೆಯೇ ಜೋಡಣೆಯಾಗುತ್ತದೆ. ಅನುಕೂಲವೂ ಇದೇ, ಮರೆವಿನ ಅಪಾಯವೂ ಇದೇ. ಬಾಡಿಗೆ ಕಾರು ಹತ್ತಿ ಅದರ ಬ್ಲೂಟೂತ್ ಪಟ್ಟಿ ತೆರೆದು ನೋಡಿ. ಮುಂಚೆ ಹತ್ತಿದವರ ಫೋನುಗಳ ಹೆಸರು ಸಾಲಾಗಿ ಕಾಣುತ್ತವೆ, ಕೆಲವು ಕಾರುಗಳಲ್ಲಿ ಅವರ ಸಂಪರ್ಕಗಳ ಪಟ್ಟಿಯೂ ಉಳಿದಿರುತ್ತದೆ. ಕಾರು, ಲ್ಯಾಪ್‌ಟಾಪು, ಗಡಿಯಾರ ಯಾವುದನ್ನೇ ಮಾರುವಾಗ ಈ ಪಟ್ಟಿ ಅಳಿಸುವುದನ್ನು ಮೊದಲು ಮಾಡಿ. ಒಂದೇ ಕಡೆ ಅಳಿಸಿದರೆ ಸಾಲದು. ಒಬ್ಬರ ಬಳಿ ಹಳೆಯ ಕೀ ಇದ್ದು ಇನ್ನೊಬ್ಬರು ಮರೆತಿದ್ದರೆ ಕನೆಕ್ಟ್ ಆಗದೆ ಸತಾಯಿಸುವುದು ಎಲ್ಲರಿಗೂ ಆಗುವ ಅನುಭವ. ಸಾಧನ ಕೆಟ್ಟಿದೆ ಎಂದು ಎಷ್ಟೋ ಜನ ಅಂಗಡಿಗೆ ಹೊರಡುವುದು ಇದಕ್ಕೇ.

ಇಷ್ಟೆಲ್ಲ ಗಟ್ಟಿ ಗಣಿತ ಇದ್ದೂ ಬಿರುಕುಗಳು ಸಿಗುತ್ತಲೇ ಇವೆ. ಹೆಚ್ಚಾಗಿ ಗಣಿತದಲ್ಲಲ್ಲ, ಅದರ ಸುತ್ತ ಮನುಷ್ಯರು ಬಿಟ್ಟ ಸಡಿಲದಲ್ಲಿ. 2019ರಲ್ಲಿ ಡ್ಯಾನಿಯೇಲೆ ಆಂಟೊನಿಯೋಲಿ, ನಿಲ್ಸ್ ಟಿಪ್ಪನ್‌ಹಾವರ್, ಕ್ಯಾಸ್ಪರ್ ರಾಸ್ಮುಸ್ಸೆನ್ ಕಂಡುಹಿಡಿದದ್ದು ನೋಡಿ. ಗೂಢಲಿಪಿಯ ಕೀ ಎಷ್ಟು ಉದ್ದ ಇರಬೇಕು ಎಂದು ಎರಡು ಸಾಧನಗಳು ಚೌಕಾಸಿ ಮಾಡುತ್ತವೆ, ಒಂದು ಬೈಟಿನಿಂದ 16 ಬೈಟ್‌ವರೆಗೆ. ಆ ಚೌಕಾಸಿಗೆ ಮಾತ್ರ ರಕ್ಷಣೆಯೇ ಇರಲಿಲ್ಲ. ನಡುವೆ ಬಂದವನು ಒಂದು ಬೈಟ್ ಸಾಕು ಎಂದು ಇಬ್ಬರ ಪರವಾಗಿಯೂ ಹೇಳಿಬಿಟ್ಟರೆ, ಉಳಿಯುವುದು ಬರೀ 256 ಸಾಧ್ಯತೆ. ಕೋಟೆಗೆ ಕಬ್ಬಿಣದ ಬಾಗಿಲು ಇಟ್ಟು ಅಗುಳಿಗೆ ಕಡ್ಡಿ ಸಿಕ್ಕಿಸಿದ ಹಾಗೆ. ಆಮೇಲೆ ಕನಿಷ್ಠ ಏಳು ಬೈಟ್ ಇರಲಿ ಎಂದು ನಿಯಮಾವಳಿ ಬಿಗಿಯಾಯಿತು. 2023ರಲ್ಲಿ ಮಾರ್ಕ್ ನ್ಯೂಲಿನ್ ತೋರಿಸಿದ್ದು ಇನ್ನೂ ನೇರ. ಆಂಡ್ರಾಯ್ಡ್, ಲಿನಕ್ಸ್, ಆಪಲ್ ಸಾಧನಗಳಿಗೆ, ಕೆಲವು ಸಂದರ್ಭಗಳಲ್ಲಿ, ಬಳಸುವವರ ಒಪ್ಪಿಗೆಯನ್ನೇ ಕೇಳದೆ ಕಳ್ಳ ಕೀಬೋರ್ಡೊಂದನ್ನು ಜೋಡಿಸಿ ತಮಗೆ ಬೇಕಾದ್ದನ್ನು ಒತ್ತಬಹುದಿತ್ತು. ಆಂಡ್ರಾಯ್ಡಿನ ದುರಸ್ತಿ ಆ ಡಿಸೆಂಬರ್ ತಿಂಗಳ ಅಪ್‌ಡೇಟಿನಲ್ಲಿ ಬಂತು. ಅಪ್‌ಡೇಟ್ ಹಾಕಿ ಎಂದು ಫೋನ್ ಕೇಳಿದಾಗಲೆಲ್ಲ ನಾಳೆ ಎಂದು ಮುಂದೂಡುವವರಿಗೆ ನಾನು ಈ ಪ್ರಸಂಗ ಹೇಳುತ್ತೇನೆ. ಅಪ್‌ಡೇಟ್ ನಿಂತುಹೋದ ಹಳೆಯ ಫೋನಾದರೆ, ಬೇಡವಾದಾಗ ಬ್ಲೂಟೂತ್ ಆರಿಸಿಡುವುದೇ ಉಳಿದ ದಾರಿ.

ಕತ್ತಲಾಗುತ್ತಿತ್ತು. ಅಪ್ಪ ಕೊನೆಗೂ ಕೀಬೋರ್ಡನ್ನು ತೊಡೆಯ ಮೇಲೆ ಎಳೆದುಕೊಂಡರು. ಹಳೆಯ ಸಂಖ್ಯೆ ಎಷ್ಟು ಹೊತ್ತು ತಾನೇ ಕಾಯುತ್ತದೆ, ಅವಧಿ ಮುಗಿದು ಮಾಯವಾಗಿತ್ತು. ಮತ್ತೊಮ್ಮೆ ಶುರು ಮಾಡಿದೆ, ಹೊಸ ಸಂಖ್ಯೆ ಬಂತು. ಒಂದೊಂದೇ ಅಂಕಿಯನ್ನು ತೋರುಬೆರಳಿನಿಂದ ಒತ್ತಿ, ಪರದೆಗೆ ಹೋಲಿಸಿ, ಎಂಟರ್ ಹೊಡೆದರು. ಆವತ್ತು ರಾತ್ರಿ ಊಟದ ಹೊತ್ತಿಗೆ ಶಾಲೆಯ ಹೆಂಚಿನ ಮಾಡಿನ ಬಗ್ಗೆ ಒಂದೂವರೆ ಪುಟ ಆಗಿತ್ತು.

ಮರುದಿನ ಅಮ್ಮನ ಫೋನಿನಲ್ಲಿದ್ದ ಶಾಲೆಯ ಹಳೆಯ ಫೋಟೋಗಳು ಲ್ಯಾಪ್‌ಟಾಪಿಗೆ ಬೇಕಾದವು. ನಾನು ಏಳುವ ಮೊದಲೇ ಅವರಿಬ್ಬರೂ ಜಗಲಿಯಲ್ಲಿ ಎದುರುಬದುರು ಕೂತಿದ್ದರು. ಎರಡೂ ಪರದೆಯಲ್ಲಿ ಸಂಖ್ಯೆ ಬಂದಿತ್ತು. ಅಪ್ಪ ಹಾಜರಿ ಕೂಗುವ ದನಿಯಲ್ಲಿ ಓದುತ್ತಿದ್ದರು: ಒಂಬತ್ತು, ಸೊನ್ನೆ, ನಾಲ್ಕು, ನಾಲ್ಕು, ಎರಡು. ಪ್ರತಿ ಅಂಕಿಗೂ ಅಮ್ಮ ಹೂಂ ಎನ್ನುತ್ತಿದ್ದರು.

“ಕೊನೇದು ಏಳು” ಎಂದರು ಅಪ್ಪ.

ಅಮ್ಮ ಫೋನನ್ನು ಹತ್ತಿರ ತಂದರು, ದೂರ ಹಿಡಿದರು. “ನನಗೆ ಒಂದರ ಥರ ಕಾಣ್ತಿದೆ. ತಡೀರಿ, ಕನ್ನಡಕ ಒಳಗಿದೆ.”

ಅಪ್ಪ ಗುಂಡಿಯ ಮೇಲಿಟ್ಟಿದ್ದ ಬೆರಳು ಎತ್ತಿಕೊಂಡು, ಅಮ್ಮ ಒಳಗೆ ಹೋದ ಬಾಗಿಲನ್ನೇ ನೋಡುತ್ತಾ ಕೂತರು.